ಸ್ಥೌಲ್ಯಕ್ಕೆ ಶಸ್ತ್ರಚಿಕಿತ್ಸೆ: ಒಂದು ಆಯ್ಕೆಯ ಇತಿಹಾಸ

ಶರೀರದಲ್ಲಿ ಮೇದಸ್ಸು ಮಿತಿಮೀರಿ ಬೆಳೆಯುವುದು ಒಂದು ರೋಗವೆಂಬ ತಿಳಿವಳಿಕೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ನಿಂದ್ಯವಾದ ಎಂಟು ಬಗೆಯ ಶರೀರಗಳನ್ನು ಎಣಿಸುವಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ಹೆಸರಿಸಿ, ಒಂದೇ ವ್ಯಾಧಿಯು ಇಬ್ಬರನ್ನೂ ಹಿಡಿದರೆ ಸ್ಥೂಲನೇ ಹೆಚ್ಚಾಗಿ ನರಳುವನೆಂದು ಹೇಳಿದೆ. ಆಹಾರನಿಯಮ, ವ್ಯಾಯಾಮ, ಔಷಧ ಎಂಬ ಮೂರು ದಾರಿಗಳನ್ನೇ ವೈದ್ಯರು ಬಹುಕಾಲ ಅನುಸರಿಸುತ್ತ ಬಂದರು. ಈ ರೋಗವನ್ನು ಶಸ್ತ್ರದಿಂದ ಹಿಮ್ಮೆಟ್ಟಿಸಬಹುದೆಂಬ ಯೋಚನೆಯಾದರೋ ತೀರ ಈಚಿನದು. ಅದರ ವಯಸ್ಸು ಸುಮಾರು ಮುಕ್ಕಾಲು ಶತಮಾನ ಮಾತ್ರ.

ಇಷ್ಟು ಅಲ್ಪಕಾಲದಲ್ಲಿ ಒಂದಲ್ಲ, ಎರಡಲ್ಲ, ಹತ್ತಾರು ಬಗೆಯ ಶಸ್ತ್ರಚಿಕಿತ್ಸೆಗಳು ಹುಟ್ಟಿ, ಅವುಗಳಲ್ಲಿ ಹಲವು ಸಾವಿರಾರು ರೋಗಿಗಳ ಮೇಲೆ ಪ್ರಯೋಗವಾಗಿ, ಆ ಬಳಿಕ ಕೈಬಿಡಲ್ಪಟ್ಟವು. ಕೈಬಿಟ್ಟುದಕ್ಕೆ ಕಾರಣವು ತೂಕ ಇಳಿಯದೆ ಹೋದುದೇ ಎಂದು ಯಾರಾದರೂ ಊಹಿಸಬಹುದು. ಆದರೆ ಇತಿಹಾಸವನ್ನು ನೋಡಿದರೆ ಹಾಗೆ ತೋರುವುದಿಲ್ಲ. ಮೊದಲನೆಯ ವರ್ಷದಲ್ಲಿ ತೂಕವು ಎಲ್ಲ ಬಗೆಗಳಲ್ಲಿಯೂ ಇಳಿಯಿತು; ಒಂದೊಂದರ ದೋಷವೂ ಐದನೆಯ, ಹತ್ತನೆಯ ವರ್ಷದಲ್ಲಿ ಹೊರಬಿದ್ದಿತು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೆ ಉತ್ತರವನ್ನು ಕೊಟ್ಟವರು, ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ವಿಚಾರಿಸಿ ಲೆಕ್ಕವಿಟ್ಟವರೇ ಹೊರತು ಕೈಚಳಕದಿಂದ ಹೆಸರಾದವರಲ್ಲ.

ಮೊದಲು ಈ ಚಿಕಿತ್ಸೆಗಳ ತಳಹದಿಯನ್ನು ತಿಳಿಯಬೇಕು. ಉಂಡ ಅನ್ನವು ಅನ್ನನಾಳದಿಂದ ಇಳಿದು ಜಠರವೆಂಬ ಚೀಲವನ್ನು ಸೇರುವುದು. ಅಲ್ಲಿ ಕಡೆಯಲ್ಪಟ್ಟು, ಸುಮಾರು 20 ಅಡಿ ಉದ್ದದ ಸಣ್ಣ ಕರುಳಿನಲ್ಲಿ ಹರಿಯುವಾಗ ಅದರ ಸಾರವು ರಕ್ತಕ್ಕೆ ಸೇರುವುದು. ಆದಕಾರಣ ಶಸ್ತ್ರವೈದ್ಯನಿಗೆ ಎರಡು ಉಪಾಯಗಳು ತೋರಿದವು. ಮಡಕೆಯನ್ನು ಕಿರಿದುಮಾಡಿದರೆ ಉಣ್ಣುವುದು ಕಡಮೆಯಾದೀತು. ಕಾಲುವೆಯನ್ನು ಮೊಟಕುಮಾಡಿದರೆ ಉಂಡದ್ದು ಮೈಗೆ ಹತ್ತುವುದು ಕಡಮೆಯಾದೀತು. ಮೊದಲು ಕೈಹಾಕಿದುದು ಕಾಲುವೆಗೆ.

ಸ್ವೀಡನ್ ದೇಶದ ಗೋಥೆನ್‌ಬರ್ಗ್ ಪಟ್ಟಣದಲ್ಲಿ ಹೆನ್ರಿಕ್‌ಸನ್ ಎಂಬ ಶಸ್ತ್ರವೈದ್ಯರು ಸ್ಥೂಲದೇಹಿಯಾದ ಒಬ್ಬ ಸ್ತ್ರೀಯ ಸಣ್ಣ ಕರುಳಿನಲ್ಲಿ 105 ಸೆಂಟಿಮೀಟರಿನಷ್ಟನ್ನು ಕತ್ತರಿಸಿ ತೆಗೆದು, ಆ ಸಂಗತಿಯನ್ನು 1952ನೆಯ ಇಸವಿಯಲ್ಲಿ ಪ್ರಕಟಿಸಿದರು. ಕತ್ತರಿಸಿ ತೆಗೆದುದನ್ನು ಮರಳಿ ಇಡುವಂತಿರಲಿಲ್ಲ. ಅದೇ ಕಾಲದಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಕ್ರೆಮೆನ್, ಲಿನ್ನರ್, ನೆಲ್ಸನ್ ಎಂಬ ಮೂವರು ನಾಯಿಗಳ ಮೇಲೆ ಪರೀಕ್ಷೆ ನಡೆಯಿಸಿ, ಸಣ್ಣ ಕರುಳಿನ ಯಾವ ಭಾಗವು ಪೋಷಣೆಗೆ ಎಷ್ಟು ಮುಖ್ಯವೆಂಬುದನ್ನು ಶೋಧಿಸುತ್ತಿದ್ದರು. 1954ರಲ್ಲಿ ಅವರು ಪ್ರಕಟಿಸಿದ ಲೇಖನವೇ ಮುಂದಿನ ಕಾರ್ಯಕ್ಕೆ ಬುನಾದಿಯಾಯಿತು. ಕರುಳನ್ನು ತೆಗೆಯದೆ, ಅದರ ಆರಂಭದ ಭಾಗವನ್ನು ಕೊನೆಯ ಭಾಗಕ್ಕೆ ಜೋಡಿಸಿ, ನಡುವಣ ಬಹುಭಾಗವನ್ನು ಬರಿದಾಗಿ ಬಿಡುವುದು ಅವರು ತೋರಿದ ಮಾರ್ಗ. ರಸ್ತೆಯನ್ನು ಅಗೆಯದೆ ಅದರ ಪಕ್ಕದಲ್ಲಿ ಒಳದಾರಿಯೊಂದನ್ನು ಮಾಡಿದಂತೆ ಇದು. ಆದುದರಿಂದಲೇ ಇದಕ್ಕೆ ‘ಬೈಪಾಸ್’ ಎಂಬ ಹೆಸರು ನಿಂತಿತು.

ಲಾಸ್ ಏಂಜಲಿಸ್ ನಗರದ ಪೇನ್ ಮತ್ತು ಡಿವಿಂಡ್ ಎಂಬವರು ಈ ಮಾರ್ಗದಲ್ಲಿ ಇನ್ನೂ ಧೈರ್ಯದಿಂದ ಮುಂದುವರಿದರು. 1956ರಿಂದ ಅವರು ಹತ್ತು ಮಂದಿ ಅತಿಸ್ಥೂಲರಲ್ಲಿ ಸಣ್ಣ ಕರುಳಿನ ಮೊದಲ ತುಂಡನ್ನು ನೇರವಾಗಿ ದೊಡ್ಡ ಕರುಳಿಗೇ ಜೋಡಿಸಿದರು. ತೂಕವು ಬೇಕಾದಷ್ಟು ಇಳಿದ ಮೇಲೆ ಕರುಳನ್ನು ಮೊದಲಿನಂತೆ ಮಾಡಿಬಿಡಬಹುದೆಂಬುದು ಅವರ ಎಣಿಕೆಯಾಗಿತ್ತು. ತೂಕವೇನೋ ಇಳಿಯಿತು. ಆದರೆ ತಡೆಯಿಲ್ಲದ ಅತಿಸಾರದಿಂದ ರೋಗಿಗಳು ಸೊರಗಿದರು. ರಕ್ತದಲ್ಲಿನ ಲವಣಗಳು ಕುಂದಿದವು. ಕರುಳನ್ನು ಮೊದಲಿನಂತೆ ಜೋಡಿಸಿದಾಗ ತೂಕವೂ ಮೊದಲಿನಂತೆಯೇ ಆಯಿತು. 1963ರಲ್ಲಿ ಈ ಫಲಿತಾಂಶಗಳನ್ನು ಮುಚ್ಚಿಡದೆ ಪ್ರಕಟಿಸಿದುದು ಆ ವೈದ್ಯರ ಪ್ರಾಮಾಣಿಕತೆಗೆ ಸಾಕ್ಷಿ. ಆಮೇಲೆ ಅವರು ದೊಡ್ಡ ಕರುಳಿನ ಗೊಡವೆಯನ್ನು ಬಿಟ್ಟು, ಸಣ್ಣ ಕರುಳಿನ ಮೊದಲ 14 ಅಂಗುಲಗಳನ್ನು ಕೊನೆಯ 4 ಅಂಗುಲಗಳಿಗೆ ಸೇರಿಸುವ ಕ್ರಮವನ್ನು 1969ರಲ್ಲಿ ಮುಂದಿಟ್ಟರು. 20 ಅಡಿಯ ಕಾಲುವೆಯಲ್ಲಿ ಅನ್ನಕ್ಕೆ ಉಳಿದುದು ಒಂದೂವರೆ ಅಡಿ ಮಾತ್ರ.

ಈ ಕ್ರಮವು ಒಂದು ದಶಕದ ಕಾಲ ಅಮೆರಿಕದಲ್ಲೆಲ್ಲ ಹರಡಿತು. ಶಸ್ತ್ರವೈದ್ಯರಿಗೆ ಇದು ಸುಲಭ. ರೋಗಿಗೆ ಇದು ಇಷ್ಟ, ಏಕೆಂದರೆ ಉಣ್ಣುವುದಕ್ಕೆ ಯಾವ ಅಡ್ಡಿಯೂ ಇಲ್ಲದೆ ಮೈ ಇಳಿಯುತ್ತಿತ್ತು. ಆದರೆ ವರ್ಷಗಳು ಕಳೆದ ಹಾಗೆ ಒಂದೊಂದಾಗಿ ಸಾಲ ತೀರಿಸುವ ಕಾಲ ಬಂದಿತು. ಮೂತ್ರಪಿಂಡಗಳಲ್ಲಿ ಆಕ್ಸಲೇಟಿನ ಕಲ್ಲುಗಳು ಕಟ್ಟಿದವು, ಕೀಲುಗಳು ಬಾತವು, ಸುಣ್ಣದಂಶ ಕಡಮೆಯಾಗಿ ಎಲುಬುಗಳು ಸವೆದವು. ಎಲ್ಲಕ್ಕಿಂತ ಭಯಂಕರವಾದುದು ಯಕೃತ್ತಿನ ನಾಶ. ಹರಿವಿಲ್ಲದ ಕರುಳಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಪೋಷಣೆಯೂ ಕುಂದಿ, ಕೆಲವರ ಯಕೃತ್ತು ಕೆಟ್ಟು ಅವರು ಮೃತರಾದರು. ಇಂಥವರಲ್ಲಿ ಅನೇಕರ ತೂಕವು ಆಗ ವೈದ್ಯರು ಮೆಚ್ಚುವ ಮಟ್ಟದಲ್ಲಿಯೇ ಇದ್ದಿತು. ತೂಕದ ತಕ್ಕಡಿಯೊಂದನ್ನೇ ನೋಡುವವನಿಗೆ ಇವರು ಗುಣಹೊಂದಿದವರು. 1980ರ ಸುಮಾರಿಗೆ ಈ ಕ್ರಮವು ನಿಂತುಹೋಯಿತು. ಅದಕ್ಕೆ ಒಳಗಾಗಿದ್ದ ಅನೇಕರ ಉದರವನ್ನು ಮತ್ತೆ ತೆರೆದು ಕರುಳನ್ನು ಸರಿಪಡಿಸಬೇಕಾಯಿತು.

ಕಾಲುವೆಯ ಕಥೆ ಹೀಗಾಗುತ್ತಿರಲು, ಮಡಕೆಯ ಕಡೆಗೆ ದೃಷ್ಟಿಯನ್ನು ತಿರುಗಿಸಿದವರು ಅಯೋವ ವಿಶ್ವವಿದ್ಯಾಲಯದ ಡಾಕ್ಟರ್ ಎಡ್ವರ್ಡ್ ಮೇಸನ್ನರು. 1920ರಲ್ಲಿ ಹುಟ್ಟಿದ ಇವರು ಮಿನೆಸೋಟದಲ್ಲಿಯೇ ಶಿಕ್ಷಣ ಪಡೆದವರು. ಜಠರದ ಹುಣ್ಣಿಗಾಗಿ ಆ ಕಾಲದಲ್ಲಿ ಜಠರದ ಭಾಗವನ್ನು ಕತ್ತರಿಸಿ ತೆಗೆಯುವುದು ವಾಡಿಕೆಯಾಗಿತ್ತು. 1881ರಲ್ಲಿ ವಿಯೆನ್ನದ ಬಿಲ್‌ರೋತರು ಜಠರದ ಭಾಗವನ್ನು ತೆಗೆದೂ ರೋಗಿಯನ್ನು ಬದುಕಿಸಿ ತೋರಿದ ಮೇಲೆ ಈ ವಿದ್ಯೆ ಬೆಳೆದಿತ್ತು. ಹೀಗೆ ಜಠರದ ಬಹುಭಾಗವನ್ನು ಕಳೆದುಕೊಂಡವರು ಬೇಡವೆಂದರೂ ಇಳಿದುಹೋಗಿ, ಮತ್ತೆ ಮೈತುಂಬಿಕೊಳ್ಳಲು ಕಷ್ಟಪಡುತ್ತಿದ್ದುದನ್ನು ಶಸ್ತ್ರವೈದ್ಯರೆಲ್ಲರೂ ಕಂಡಿದ್ದರು. ಹುಣ್ಣಿನ ರೋಗಿಗೆ ಇದು ಅನಿಷ್ಟ; ಸ್ಥೂಲದೇಹಿಗೆ ಇದೇ ಇಷ್ಟವಾಗಬಾರದೇಕೆ ಎಂದು ಮೇಸನ್ನರು ಯೋಚಿಸಿದರು. 1966ರಲ್ಲಿ ಅವರೂ ಅವರ ಸಹಕಾರಿ ಈಟೊ ಅವರೂ ಜಠರವನ್ನು ಅಡ್ಡಲಾಗಿ ವಿಭಾಗಿಸಿ, ಮೇಲಿನ ಚಿಕ್ಕ ಭಾಗವನ್ನು ಸಣ್ಣ ಕರುಳಿಗೆ ಜೋಡಿಸಿದರು. ಉಳಿದ ಜಠರವನ್ನು ತೆಗೆಯದೆ ಒಳಗೇ ಬಿಟ್ಟರು. ಇದೇ ‘ಗ್ಯಾಸ್ಟ್ರಿಕ್ ಬೈಪಾಸ್’ ಎಂದು ಹೆಸರಾದ ಶಸ್ತ್ರಚಿಕಿತ್ಸೆಯ ಆರಂಭ. 1967ರಲ್ಲಿ ಅದರ ವಿವರ ಅಚ್ಚಾಯಿತು.

ಮೊದಲ ರೂಪದಲ್ಲಿ ಒಂದು ಕೊರತೆಯಿತ್ತು. ಕರುಳನ್ನು ಕುಣಿಕೆಯಂತೆ ಮೇಲಕ್ಕೆಳೆದು ಜೋಡಿಸುತ್ತಿದ್ದುದರಿಂದ ಪಿತ್ತವು ಜಠರಕ್ಕೂ ಅನ್ನನಾಳಕ್ಕೂ ನುಗ್ಗುತ್ತಿತ್ತು. ಕೆಂಟಕಿಯ ಗ್ರಿಫೆನ್ನರು ಕುಣಿಕೆಯನ್ನು ಬಿಟ್ಟು, ಲೊಸಾನ್ ನಗರದ ಸೆಸಾರ್ ರೂ ಎಂಬ ಸ್ವಿಸ್ ಶಸ್ತ್ರವೈದ್ಯರು 19ನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ತಂದಿದ್ದ ಕವಲುಜೋಡಣೆಯನ್ನು ತೆಗೆದುಕೊಂಡರು. ಅನ್ನವು ಒಂದು ಕವಲಿನಲ್ಲಿಯೂ ಪಿತ್ತವು ಇನ್ನೊಂದು ಕವಲಿನಲ್ಲಿಯೂ ಇಳಿದು ಕೆಳಗೆ ಕೂಡುವ ಏರ್ಪಾಡು ಇದು. 1977ರಲ್ಲಿ ಗ್ರಿಫೆನ್ನರು ಪ್ರಕಟಿಸಿದ ಲೇಖನವು ಮತ್ತೊಂದು ಕಾರಣದಿಂದಲೂ ಸ್ಮರಣೀಯ. ಹಳೆಯ ಕರುಳಿನ ಬೈಪಾಸನ್ನೂ ಹೊಸ ಜಠರದ ಬೈಪಾಸನ್ನೂ ಎರಡು ಗುಂಪುಗಳಲ್ಲಿ ಮಾಡಿ ಹೋಲಿಸಿ ನೋಡಿದ ಪ್ರಯತ್ನ ಅದು. ತೂಕದ ಇಳಿತವು ಎರಡರಲ್ಲಿಯೂ ಹೆಚ್ಚುಕಡಮೆ ಸಮನಾಗಿದ್ದಿತು. ಯಕೃತ್ತಿನ ಕೇಡು, ಕಲ್ಲು, ಅತಿಸಾರಗಳು ಹಳೆಯದರಲ್ಲಿ ಹೆಚ್ಚಾಗಿದ್ದವು. ತೂಕವನ್ನು ಬಿಟ್ಟು ಉಳಿದುದನ್ನು ಎಣಿಸಿದಾಗಲೇ ಇಬ್ಬರಲ್ಲಿ ಯಾರು ಮೇಲೆಂಬುದು ತಿಳಿಯಿತು.

ಮೇಸನ್ನರಾದರೋ ತಮ್ಮ ಬೈಪಾಸಿನಿಂದ ತೃಪ್ತರಾಗಲಿಲ್ಲ. ಕರುಳಿನ ಮೊದಲ ಭಾಗವನ್ನು ದಾಟಿಸಿಬಿಡುವುದರಿಂದ ಕಬ್ಬಿಣದಂಶ, ಸುಣ್ಣದಂಶ, ಬಿ12 ಜೀವಸತ್ವಗಳು ಮೈಗೆ ಸಾಲದೆ ಬರುವುದೆಂಬ ಚಿಂತೆ ಅವರಿಗಿತ್ತು. ಕರುಳನ್ನು ಮುಟ್ಟದೆ ಜಠರವೊಂದರಲ್ಲಿಯೇ ಕಾರ್ಯವನ್ನು ಮುಗಿಸುವ ಹಂಬಲದಿಂದ, 1980ರಲ್ಲಿ ಅವರು ಹೊಸದೊಂದು ಕ್ರಮವನ್ನು ಕಂಡುಹಿಡಿದರು. ಜಠರದ ಮೇಲ್ಭಾಗದಲ್ಲಿ ಲೋಹದ ಸಣ್ಣ ಕೊಂಡಿಗಳಿಂದ ಉದ್ದುದ್ದವಾಗಿ ಹೊಲಿದು ಪುಟ್ಟ ಚೀಲವನ್ನು ಮಾಡಿ, ಅದರ ಬಾಯಿ ಸಡಿಲವಾಗದಂತೆ 5 ಸೆಂಟಿಮೀಟರ್ ಸುತ್ತಳತೆಯ ಪ್ಲಾಸ್ಟಿಕ್ ಜಾಲರಿಯ ಪಟ್ಟಿಯನ್ನು ತೊಡಿಸುವುದೇ ಆ ಕ್ರಮ. ಕರುಳು ಇದ್ದಂತೆಯೇ ಇರುತ್ತದೆ. ಅನ್ನವು ತನ್ನ ಸಹಜಮಾರ್ಗದಲ್ಲಿಯೇ ಸಾಗುತ್ತದೆ. ಇದಕ್ಕಿಂತ ಯುಕ್ತವಾದುದು ಇನ್ನೇನಿದ್ದೀತು ಎಂದು ಅನೇಕರಿಗೆ ತೋರಿತು. 1980ರ ದಶಕದಲ್ಲಿ ಈ ಪಟ್ಟಿಜಠರವು ಎಲ್ಲೆಡೆ ಪ್ರಸಿದ್ಧವಾಯಿತು.

ಇದರ ಪರೀಕ್ಷೆಯು ವರ್ಜೀನಿಯದ ರಿಚ್‌ಮಂಡಿನಲ್ಲಿ ನಡೆಯಿತು. ಶುಗರ್‌ಮನ್ ಎಂಬ ಶಸ್ತ್ರವೈದ್ಯರು 40 ಮಂದಿ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಬೈಪಾಸನ್ನೂ ಇನ್ನೊಂದಕ್ಕೆ ಪಟ್ಟಿಜಠರವನ್ನೂ ಮಾಡಿದರು. 1987ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬೈಪಾಸು ಸ್ಪಷ್ಟವಾಗಿ ಮೇಲಾಯಿತು. ಕಾರಣವನ್ನು ಹುಡುಕಿದಾಗ ತೋರಿದ ಸಂಗತಿ ಕುತೂಹಲಕರವಾದುದು. ಸಿಹಿತಿನಿಸಿನ ಚಪಲವುಳ್ಳವರು ಪಟ್ಟಿಜಠರವನ್ನು ಸುಲಭವಾಗಿ ವಂಚಿಸುತ್ತಿದ್ದರು; ರೊಟ್ಟಿಯೂ ಮಾಂಸವೂ ಇಳಿಯದ ಆ ಇಕ್ಕಟ್ಟಿನ ಬಾಯಿಯಲ್ಲಿ ಐಸ್‌ಕ್ರೀಮೂ ಸಿಹಿಪಾನಕವೂ ಸರಾಗವಾಗಿ ಇಳಿದುಹೋಗುತ್ತಿದ್ದವು. ಬೈಪಾಸಿನಲ್ಲಿಯಾದರೋ ಸಕ್ಕರೆಯು ಒಮ್ಮೆಗೇ ಕರುಳಿಗೆ ಬಿದ್ದು ಬೆವರು, ಎದೆಬಡಿತ, ತಲೆಸುತ್ತುಗಳು ಉಂಟಾಗುವುದರಿಂದ ಸಿಹಿಯು ರೋಗಿಗೆ ತಾನಾಗಿಯೇ ಬೇಡವಾಗುತ್ತಿತ್ತು. ಶಸ್ತ್ರಚಿಕಿತ್ಸೆಯ ಆಯ್ಕೆಯಲ್ಲಿ ರೋಗಿಯ ಜಠರವನ್ನಲ್ಲದೆ ಅವನ ಊಟದ ರೂಢಿಯನ್ನೂ ವಿಚಾರಿಸಬೇಕೆಂಬ ಪಾಠವನ್ನು ವೈದ್ಯಲೋಕವು ಇಲ್ಲಿ ಕಲಿಯಿತು.

ಅದೇ 1987ರಲ್ಲಿ ಸ್ವೀಡನ್ನಿನಲ್ಲಿ ಬಹು ದೊಡ್ಡದಾದ ಒಂದು ಲೆಕ್ಕವು ಆರಂಭವಾಯಿತು. 4,047 ಮಂದಿ ಸ್ಥೂಲದೇಹಿಗಳಲ್ಲಿ 2,010 ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು. 2,037 ಮಂದಿ ಸಾಮಾನ್ಯ ಚಿಕಿತ್ಸೆಯಲ್ಲಿಯೇ ಉಳಿದರು. ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ 1,369 ಮಂದಿಗೆ ಆದುದು ಆ ಕಾಲದ ಮೆಚ್ಚಿನ ಪಟ್ಟಿಜಠರ. 376 ಮಂದಿಗೆ ಜಠರಕ್ಕೆ ಬರಿಯ ಬಳೆ. 265 ಮಂದಿಗೆ ಮಾತ್ರ ಬೈಪಾಸ್. ಹತ್ತು ವರ್ಷ ಕಳೆದ ಬಳಿಕ ನೋಡಿದರೆ, ಮೊದಲಿನ ತೂಕದಲ್ಲಿ ಬೈಪಾಸಿನವರು ನೂರಕ್ಕೆ 25 ರಷ್ಟನ್ನೂ, ಪಟ್ಟಿಜಠರದವರು 16 ರಷ್ಟನ್ನೂ, ಬಳೆಯವರು 14 ರಷ್ಟನ್ನೂ ಇಳಿಸಿಕೊಂಡಿದ್ದರು. 2007ರಲ್ಲಿ ಪ್ರಕಟವಾದ ಈ ವರದಿಯ ಮುಖ್ಯ ವಿಷಯ ತೂಕವೂ ಅಲ್ಲ. ಸರಾಸರಿ ಹನ್ನೊಂದು ವರ್ಷಗಳಲ್ಲಿ ಸಾಮಾನ್ಯ ಚಿಕಿತ್ಸೆಯವರಲ್ಲಿ 129 ಮಂದಿಯೂ ಶಸ್ತ್ರಚಿಕಿತ್ಸೆಯವರಲ್ಲಿ 101 ಮಂದಿಯೂ ಮೃತರಾಗಿದ್ದರು. ಈ ಚಿಕಿತ್ಸೆಯಿಂದ ಆಯುಷ್ಯವು ಬೆಳೆಯುವುದೆಂಬುದಕ್ಕೆ ಬಲವಾದ ಪ್ರಮಾಣವು ಹೀಗೆ ಇಪ್ಪತ್ತು ವರ್ಷಗಳ ತಾಳ್ಮೆಯಿಂದ ದೊರೆಯಿತು.

ಇತ್ತ ಇಟಲಿಯ ಜಿನೋವದಲ್ಲಿ ಸ್ಕೊಪಿನಾರೊ ಎಂಬವರು ಕಾಲುವೆಯ ಮಾರ್ಗವನ್ನು ಪೂರ್ತಿಯಾಗಿ ಬಿಟ್ಟಿರಲಿಲ್ಲ. ಹಳೆಯ ಬೈಪಾಸಿನ ಕೇಡಿಗೆ ಮೂಲವು ಹರಿವಿಲ್ಲದೆ ನಿಂತ ಕರುಳೆಂದು ಅರಿತು, ಕರುಳಿನ ಎಲ್ಲ ಭಾಗದಲ್ಲಿಯೂ ಏನಾದರೊಂದು ಹರಿಯುವಂತೆ ಅವರು 1976ರಲ್ಲಿ ಹೊಸ ಏರ್ಪಾಡನ್ನು ಮಾಡಿದರು. ಒಂದು ಕವಲಿನಲ್ಲಿ ಅನ್ನ, ಇನ್ನೊಂದರಲ್ಲಿ ಪಿತ್ತ ಹಾಗೂ ಜೀರ್ಣರಸಗಳು. ಎರಡೂ ಕೂಡುವುದು ಕೊನೆಯ ಕೆಲವು ಅಡಿಗಳಲ್ಲಿ ಮಾತ್ರ. ಮುಂದೆ ಅಮೆರಿಕದ ಹೆಸ್ ಮತ್ತು ಕೆನಡದ ಮಾರ್ಸೊ ಇದನ್ನು ತಿದ್ದಿ, ಜಠರವನ್ನು ಉದ್ದುದ್ದವಾಗಿ ಕತ್ತರಿಸಿ ಅದರ ಕೆಳಬಾಯಿಯನ್ನು ಉಳಿಸುವ ರೂಪವನ್ನು ಕೊಟ್ಟರು. ಅದಕ್ಕೆ ‘ಡ್ಯುವೋಡಿನಲ್ ಸ್ವಿಚ್’ ಎಂದು ಹೆಸರು. ತೂಕವಿಳಿಸುವುದರಲ್ಲಿ ಇವೆರಡಕ್ಕೂ ಸಮನಾದುದು ಬೇರೊಂದಿಲ್ಲ. ಆದರೆ ಸಾರಜನಕದ ಆಹಾರವೂ ಜೀವಸತ್ವಗಳೂ ಮೈಗೆ ಸಾಲದೆ ಬರುವ ಭಯವೂ ಇವುಗಳಲ್ಲಿಯೇ ಅಧಿಕ. ಜೀವಮಾನವೆಲ್ಲ ತಪ್ಪದೆ ರಕ್ತಪರೀಕ್ಷೆ ಮಾಡಿಸಿಕೊಂಡು ಔಷಧಗಳನ್ನು ಸೇವಿಸುವವನಿಗಲ್ಲದೆ ಬೇರೆಯವರಿಗೆ ಇದು ಸಲ್ಲದು.

1990ರ ದಶಕದಲ್ಲಿ ಉದರವನ್ನು ಸೀಳದೆ, ಬೆರಳು ತೂರುವಷ್ಟು ರಂಧ್ರಗಳಿಂದ ದೀಪವನ್ನೂ ಸಲಕರಣೆಗಳನ್ನೂ ಒಳಕ್ಕೆ ಬಿಟ್ಟು ಮಾಡುವ ಲ್ಯಾಪರೊಸ್ಕೋಪಿಕ್ ವಿದ್ಯೆ ಬಂದಿತು. 1993ರಲ್ಲಿ ಅಮೆರಿಕದ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಬೈಪಾಸನ್ನು ಈ ರೀತಿಯಲ್ಲಿ ಮಾಡಿದರು. ಅದೇ ವರ್ಷ ಬೆಲ್ಜಿಯಮ್ಮಿನ ಊಯಿ ಎಂಬ ಊರಿನಲ್ಲಿ ಬೆಲಶೂ ಎಂಬವರು ಜಠರದ ಕತ್ತಿಗೆ ಸಿಲಿಕೋನ್ ಬಳೆಯನ್ನು ತೊಡಿಸಿದರು. ಈ ಬಳೆಯೊಳಗೆ ಬುಗ್ಗೆಯೊಂದಿದ್ದು, ಚರ್ಮದ ಕೆಳಗಿಟ್ಟ ಚಿಕ್ಕ ಕುಪ್ಪಿಗೆಯ ಮೂಲಕ ಸೂಜಿಯಿಂದ ಉಪ್ಪುನೀರನ್ನು ಹಾಕಿ ಬಿಗಿಮಾಡಬಹುದು, ತೆಗೆದು ಸಡಿಲಿಸಬಹುದು. ಯಾವ ಅಂಗವನ್ನೂ ಕತ್ತರಿಸುವುದಿಲ್ಲ, ಬೇಡವಾದರೆ ತೆಗೆದುಬಿಡಬಹುದು. 2001ರಲ್ಲಿ ಅಮೆರಿಕದ ಸರಕಾರವು ಇದಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಜನರು ಇದಕ್ಕೆ ಮುಗಿಬಿದ್ದರು. 2011ರಲ್ಲಿ ಆ ದೇಶದಲ್ಲಿ ಆದ ಸ್ಥೌಲ್ಯ ಶಸ್ತ್ರಚಿಕಿತ್ಸೆಗಳಲ್ಲಿ ನೂರಕ್ಕೆ ಸುಮಾರು 35 ಇಂಥ ಬಳೆಗಳೇ ಆಗಿದ್ದವು. ಆದರೆ ಅಷ್ಟರಲ್ಲಿಯೇ ಹಳೆಯ ಬಳೆಗಳ ವರದಿಗಳು ಬರತೊಡಗಿದ್ದವು. ಬಳೆಯು ಜಾರುವುದು, ಜಠರದ ಗೋಡೆಯನ್ನು ಕೊರೆದು ಒಳಸೇರುವುದು, ಅದರ ಮೇಲಣ ಭಾಗವು ಉಬ್ಬುವುದು, ತೂಕವು ಮರಳುವುದು, ಇವು ಮೇಲಿಂದ ಮೇಲೆ ಕಂಡುಬಂದು ಸಾವಿರಾರು ಬಳೆಗಳನ್ನು ತೆಗೆಯಬೇಕಾಯಿತು. ಆರೇ ವರ್ಷಗಳಲ್ಲಿ, 2017ರ ವೇಳೆಗೆ, ಅದರ ಪಾಲು ನೂರಕ್ಕೆ 3ಕ್ಕಿಂತಲೂ ಕೆಳಗಿಳಿಯಿತು.

ಅದರ ಸ್ಥಾನವನ್ನು ಹಿಡಿದುದು ‘ಸ್ಲೀವ್’ ಎಂಬುದು. ಇದರ ಹುಟ್ಟು ಯಾರೂ ಯೋಚಿಸಿ ಮಾಡಿದುದಲ್ಲ. ನ್ಯೂಯಾರ್ಕಿನಲ್ಲಿ ಗಾನ್ಯೇ ಎಂಬ ಶಸ್ತ್ರವೈದ್ಯರು ಡ್ಯುವೋಡಿನಲ್ ಸ್ವಿಚ್ಚನ್ನು ಲ್ಯಾಪರೊಸ್ಕೋಪಿನಿಂದ ಮಾಡುತ್ತಿದ್ದಾಗ, ತೀರ ಭಾರವಾದ ರೋಗಿಗಳು ಅಷ್ಟು ದೀರ್ಘ ಶಸ್ತ್ರಕ್ರಿಯೆಯನ್ನು ತಡೆಯಲಾರರೆಂದು ಅದನ್ನು ಎರಡು ಕಂತುಗಳಾಗಿ ಒಡೆದರು. ಮೊದಲ ಕಂತಿನಲ್ಲಿ ಜಠರದ ಹೊರಬಾಗಿನ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಅಂಗಿಯ ತೋಳಿನಂಥ ಕೊಳವೆಯನ್ನು ಮಾತ್ರ ಉಳಿಸುವುದು. ತೂಕ ಸ್ವಲ್ಪ ಇಳಿದ ಮೇಲೆ ಎರಡನೆಯ ಕಂತಿನಲ್ಲಿ ಕರುಳನ್ನು ಜೋಡಿಸುವುದು. ಆದರೆ ಹಲವರ ತೂಕವು ಮೊದಲ ಕಂತಿನಿಂದಲೇ ಸಾಕಷ್ಟು ಇಳಿದು, ಎರಡನೆಯದಕ್ಕೆ ಅವರು ಬರಲೇ ಇಲ್ಲ. ಅರ್ಧ ಕಟ್ಟಿದ ಮನೆಯಲ್ಲಿಯೇ ಸುಖವಾಗಿ ಬಾಳುವವರಂತೆ ಅವರು ಉಳಿದುಕೊಂಡರು. 2017ರ ವೇಳೆಗೆ ಅಮೆರಿಕದಲ್ಲಿ ನೂರಕ್ಕೆ 59 ಶಸ್ತ್ರಚಿಕಿತ್ಸೆಗಳು ಸ್ಲೀವೇ ಆಗಿದ್ದವು. ಬೈಪಾಸು 18ಕ್ಕೆ ಇಳಿದಿತ್ತು.

ಈ ಎರಡರಲ್ಲಿ ಯಾವುದು ಮೇಲೆಂಬುದೇ ಆ ಮೇಲಿನ ಮುಖ್ಯ ವಿವಾದವಾಯಿತು. ಫಿನ್ಲೆಂಡಿನಲ್ಲಿ 240 ಮಂದಿಯನ್ನೂ ಸ್ವಿಟ್ಜರ್ಲೆಂಡಿನಲ್ಲಿ 217 ಮಂದಿಯನ್ನೂ ಚೀಟಿಯ ಕ್ರಮದಿಂದ ಎರಡು ಪಂಗಡ ಮಾಡಿ ಹೋಲಿಸಿದ ಪರೀಕ್ಷೆಗಳ ಐದು ವರ್ಷದ ಫಲಗಳು 2018ರ ಜನವರಿಯಲ್ಲಿ ಒಟ್ಟಿಗೇ ಅಚ್ಚಾದವು. ಫಿನ್ಲೆಂಡಿನಲ್ಲಿ ಸ್ಲೀವಿನವರು ತಮ್ಮ ಹೆಚ್ಚುವರಿ ತೂಕದಲ್ಲಿ ನೂರಕ್ಕೆ 49 ರಷ್ಟನ್ನೂ ಬೈಪಾಸಿನವರು 57 ರಷ್ಟನ್ನೂ ಕಳೆದುಕೊಂಡಿದ್ದರು. ಸ್ವಿಟ್ಜರ್ಲೆಂಡಿನಲ್ಲಿಯೂ ಅಂತರವು ಅಲ್ಪವೇ. ಇಷ್ಟನ್ನೇ ನೋಡಿದರೆ ಎರಡೂ ಸರಿಸುಮಾರಾದುವೆನ್ನಬೇಕು. ಆದರೆ ಇಲ್ಲಿಯೂ ತಕ್ಕಡಿಯು ಎಲ್ಲವನ್ನೂ ಹೇಳಲಿಲ್ಲ. ಜಠರದ ಹುಳಿಯು ಅನ್ನನಾಳಕ್ಕೆ ಮರಳುವ ಎದೆಯುರಿಯು ಮೊದಲೇ ಇದ್ದವರಲ್ಲಿ, ಸ್ಲೀವಿನಿಂದ ಅದು ಹೆಚ್ಚಾದವರು ಬಹುಮಂದಿ. ಬೈಪಾಸಿನಿಂದ ಅದು ನಿಂತವರು ಬಹುಮಂದಿ. ಫಿನ್ಲೆಂಡಿನವರು ಹತ್ತನೆಯ ವರ್ಷದಲ್ಲಿ ದೀಪನಳಿಕೆಯಿಂದ ನೋಡಿದಾಗ ಸ್ಲೀವಿನವರಲ್ಲಿ ನೂರಕ್ಕೆ 31 ಮಂದಿಯ ಅನ್ನನಾಳವು ಹುಳಿಯಿಂದ ಉರಿತಗೊಂಡಿದ್ದಿತು. ಬೈಪಾಸಿನವರಲ್ಲಿ 7 ಮಂದಿಯದು. 2022ರಲ್ಲಿ ಇದು ಪ್ರಕಟವಾಯಿತು.

ಇಷ್ಟರಲ್ಲಿಯೇ ಈ ಶಾಸ್ತ್ರದ ಬುಡವನ್ನೇ ಅಲುಗಿಸಿದ ಇನ್ನೊಂದು ಸಂಗತಿಯು ನಡೆದಿದ್ದಿತು. ಉತ್ತರ ಕೆರೊಲಿನದ ಪೋರಿಸ್ ಎಂಬವರು 1995ರಲ್ಲಿ ತಮ್ಮ ಬೈಪಾಸಿನ ರೋಗಿಗಳ ಲೆಕ್ಕವನ್ನು ಪ್ರಕಟಿಸಿ, ಮಧುಮೇಹವಿದ್ದ 146 ಮಂದಿಯಲ್ಲಿ 121 ಮಂದಿಯ ರಕ್ತದ ಸಕ್ಕರೆಯು ಸಹಜಸ್ಥಿತಿಗೆ ಬಂದುದನ್ನು ತೋರಿಸಿದರು. ಕೆಲವರಲ್ಲಿ ತೂಕವು ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಇದು ನಡೆಯುತ್ತಿತ್ತು. ಮಡಕೆ, ಕಾಲುವೆಗಳ ಲೆಕ್ಕಾಚಾರದಿಂದ ಇದನ್ನು ವಿವರಿಸುವುದು ಸಾಧ್ಯವಾಗಲಿಲ್ಲ. 1999ರಲ್ಲಿ ಜಪಾನಿನ ಕೊಜಿಮ ಮತ್ತು ಸಂಗಡಿಗರು ಜಠರದಲ್ಲಿ ಹುಟ್ಟಿ ಮಿದುಳಿಗೆ ಹಸಿವಿನ ಸುದ್ದಿಯನ್ನೊಯ್ಯುವ ಘ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಕರುಳಿನ ಕೊನೆಯ ಭಾಗದಿಂದ ಹೊರಟು ತೃಪ್ತಿಯನ್ನು ತಿಳಿಸುವ, ಇನ್ಸುಲಿನ್ನನ್ನು ಪ್ರೇರಿಸುವ ಹಾರ್ಮೋನುಗಳು ಶಸ್ತ್ರಚಿಕಿತ್ಸೆಯಿಂದ ಹೆಚ್ಚುವುದೂ ತಿಳಿದುಬಂದಿತು. ಶಸ್ತ್ರವೈದ್ಯರು ಮೂವತ್ತು ವರ್ಷಗಳಿಂದ ಚೀಲವನ್ನು ಕಿರಿದುಮಾಡುತ್ತಿರುವೆವೆಂದು ಭಾವಿಸಿದ್ದಾಗ, ತಮಗರಿಯದೆಯೇ ಹಸಿವಿನ ಮಾತುಕತೆಯನ್ನೇ ತಿದ್ದುತ್ತಿದ್ದರು. ಸ್ಥೂಲದೇಹಿಯ ಹಸಿವು ಅವನ ಮನೋದೌರ್ಬಲ್ಯವಷ್ಟೇ ಎಂಬ ಲೋಕದ ನಿಂದೆಗೆ ಇದರಿಂದ ತಕ್ಕ ಉತ್ತರವೂ ದೊರೆಯಿತು.

ಮಧುಮೇಹದ ವಿಷಯದಲ್ಲಿಯೂ ಕಾಲವೇ ಕಡೆಯ ಪರೀಕ್ಷಕ. ರೋಮಿನಲ್ಲಿ ಮಿಂಗ್ರೋನೆ ಮತ್ತು ಸಂಗಡಿಗರು 60 ಮಂದಿ ಮಧುಮೇಹಿಗಳನ್ನು ಮೂರು ಸಮ ಪಂಗಡಗಳನ್ನಾಗಿ ಮಾಡಿದರು. ಎರಡು ವರ್ಷಗಳ ಕೊನೆಯಲ್ಲಿ ಬೈಪಾಸಿನವರಲ್ಲಿ ನೂರಕ್ಕೆ 75, ಸ್ಕೊಪಿನಾರೊ ಕ್ರಮದವರಲ್ಲಿ 95 ಮಂದಿ ರೋಗದಿಂದ ಬಿಡುಗಡೆ ಹೊಂದಿದ್ದರು. ಔಷಧದವರಲ್ಲಿ ಒಬ್ಬರೂ ಇರಲಿಲ್ಲ. ಆದರೆ 2021ರಲ್ಲಿ ಪ್ರಕಟವಾದ ಹತ್ತು ವರ್ಷದ ಲೆಕ್ಕದಲ್ಲಿ ಆ ಅಂಕಗಳು ಕ್ರಮವಾಗಿ 25ಕ್ಕೂ 50ಕ್ಕೂ ಇಳಿದಿದ್ದವು. ಸ್ಕೊಪಿನಾರೊ ಕ್ರಮದವರಲ್ಲಿ ಉಪದ್ರವಗಳೂ ಹೆಚ್ಚಾಗಿದ್ದವು. ರೋಗವು ಮರಳಿದವರಲ್ಲಿಯೂ ಅದು ಹಿಂದಿಗಿಂತ ಸೌಮ್ಯವಾಗಿದ್ದುದು ನಿಜ. ಎರಡು ವರ್ಷದ ವರದಿಯನ್ನು ಓದಿ ಜೀವಮಾನದ ಭರವಸೆ ಕೊಡುವುದು ಸಲ್ಲದೆಂಬುದೂ ಅಷ್ಟೇ ನಿಜ.

ಇಷ್ಟು ಇತಿಹಾಸದಿಂದ ಒದಗಿರುವ ಆಯ್ಕೆಯ ವಿವೇಕವನ್ನು ಸಂಗ್ರಹಿಸಬಹುದು. ತೂಕವನ್ನು ಕಿಲೋಗ್ರಾಮಿನಲ್ಲಿಯೂ ಎತ್ತರವನ್ನು ಮೀಟರಿನಲ್ಲಿಯೂ ಹಿಡಿದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕವನ್ನು ವೈದ್ಯರು ಬಿಎಂಐ ಎನ್ನುವರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯಸಂಸ್ಥೆಯು ಕರೆದ ವಿದ್ವತ್ಸಭೆಯು ಈ ಅಂಕವು 40 ದಾಟಿದವರಿಗೂ, 35 ದಾಟಿ ಜೊತೆಗೆ ಮಧುಮೇಹಾದಿಗಳಿದ್ದವರಿಗೂ ಶಸ್ತ್ರವು ಯುಕ್ತವೆಂದಿತು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳೆರಡೂ ಸೇರಿ ಆ ಮೇರೆಯನ್ನು 35ಕ್ಕೆ ಇಳಿಸಿದವು. ಭಾರತವೂ ಸೇರಿದ ಏಷ್ಯದ ಜನರಲ್ಲಿ ಕಡಮೆ ತೂಕಕ್ಕೇ ಮಧುಮೇಹವು ಅಡರುವುದರಿಂದ ಅವರಿಗೆ 27.5ನ್ನೇ ಮೇರೆಯಾಗಿ ಸೂಚಿಸಿದವು. ತಕ್ಕ ಏರ್ಪಾಡುಳ್ಳ ಆಸ್ಪತ್ರೆಗಳಲ್ಲಿ ಅಪಾಯವೂ ಬಹಳ ಇಳಿದಿದೆ: 2009ರಲ್ಲಿ ಪ್ರಕಟವಾದ ಅಮೆರಿಕದ 4,776 ಮಂದಿಯ ಲೆಕ್ಕದಲ್ಲಿ ಮೊದಲ 30 ದಿನಗಳಲ್ಲಿ ಮೃತರಾದವರು ಸಾವಿರಕ್ಕೆ 3 ಮಂದಿ.

ಯಾರಿಗೆ ಯಾವುದು ಎಂದರೆ, ಎದೆಯುರಿಯಿಂದ ನರಳುವವನಿಗೆ ಸ್ಲೀವು ಹಿತವಲ್ಲ, ಬೈಪಾಸೇ ಲೇಸು. ಬಹುಕಾಲದ ಮಧುಮೇಹವುಳ್ಳವನಿಗೂ ಬೈಪಾಸಿನ ಕಡೆಗೇ ವೈದ್ಯರ ಒಲವು. ಕೀಲುನೋವಿಗೆಂದು ಪ್ರತಿದಿನವೂ ನೋವಿನ ಗುಳಿಗೆಗಳನ್ನು ನುಂಗಲೇಬೇಕಾದವನಿಗೆ ಬೈಪಾಸಿನ ಹೊಲಿಗೆಯಲ್ಲಿ ಹುಣ್ಣಾಗುವ ಭಯವುಂಟು. ಅವನಿಗೆ ಸ್ಲೀವು ಲೇಸು. ಹೊಗೆಸೊಪ್ಪನ್ನು ಬಿಡಲಾರದವನಿಗೂ ಬೈಪಾಸಿನಲ್ಲಿ ಅದೇ ಭಯ. ಮದ್ಯದ ಚಟವಿದ್ದವನಿಗೆ ಬೈಪಾಸಿನ ಬಳಿಕ ಮದ್ಯವು ಬೇಗನೆ ತಲೆಗೇರುವುದರಿಂದ ಕೇಡು ಹೆಚ್ಚು. ಜಠರದ ಅರ್ಬುದರೋಗವು ಹೆಚ್ಚಾಗಿರುವ ಜಪಾನಿನಲ್ಲಿ, ಬೈಪಾಸಿನಿಂದ ಮರೆಯಾಗುವ ಜಠರವನ್ನು ಮುಂದೆ ನಳಿಕೆಯಿಂದ ಪರೀಕ್ಷಿಸಲಾಗದೆಂದು ಸ್ಲೀವನ್ನೇ ಹೆಚ್ಚಾಗಿ ಆರಿಸುವರು. ಅತಿ ಭಾರದ ದೇಹಿಗೆ ಸ್ವಿಚ್ಚು ಶಕ್ತವಾದುದು. ಆದರೆ ಆಸ್ಪತ್ರೆಗೆ ದೂರವಿದ್ದು ವರ್ಷಕ್ಕೊಮ್ಮೆಯೂ ಬರಲಾರದವನಿಗೆ ಅದೇ ಅಪಾಯ. ಸ್ಲೀವಿನಲ್ಲಿ ತೆಗೆದ ಜಠರವು ಮರಳಿ ಬರುವಂತಿಲ್ಲ; ಬೈಪಾಸನ್ನು ಬಿಚ್ಚಬಹುದಾದರೂ ಅದು ಸುಲಭವಲ್ಲ. ಯಾವುದನ್ನೇ ಆರಿಸಿದರೂ ಜೀವಸತ್ವಗಳ ಗುಳಿಗೆಯೂ ರಕ್ತಪರೀಕ್ಷೆಯೂ ಬದುಕಿರುವವರೆಗೆ ತಪ್ಪವು.

2021ರಲ್ಲಿ ಅಮೆರಿಕದಲ್ಲಿ ತೂಕವಿಳಿಸುವುದಕ್ಕೆಂದು ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿಗೆ ಒಪ್ಪಿಗೆ ದೊರೆತ ಮೇಲೆ, ಶಸ್ತ್ರವೇ ಬೇಡವೆಂಬ ಮತ್ತೊಂದು ಆಯ್ಕೆಯೂ ಬಲವಾಗಿ ಮುಂದೆ ಬಂದಿದೆ. ಕರುಳಿನ ತೃಪ್ತಿಯ ಹಾರ್ಮೋನಿನಂತೆಯೇ ಕೆಲಸಮಾಡುವ ಮದ್ದು ಇದು. ಇದನ್ನು ನಿಲ್ಲಿಸಿದವರು, ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲನ್ನು ಒಂದು ವರ್ಷದೊಳಗೇ ಮತ್ತೆ ಪಡೆದುಕೊಂಡುದು 2022ರ ವರದಿಯೊಂದರಲ್ಲಿ ಕಂಡುಬಂದಿದೆ. ಅರವತ್ತು ವರ್ಷಗಳ ಹಿಂದೆ ಲಾಸ್ ಏಂಜಲಿಸಿನ ವೈದ್ಯರು ಕರುಳನ್ನು ಮೊದಲಿನಂತೆ ಜೋಡಿಸಿದಾಗ ಕಂಡ ಪಾಠವೇ ಇದು. ಸ್ಥೌಲ್ಯವು ಜ್ವರದಂತೆ ಬಂದು ಹೋಗುವ ರೋಗವಲ್ಲ. ಅದರ ಚಿಕಿತ್ಸೆಯು ಮದ್ದಾಗಲಿ ಶಸ್ತ್ರವಾಗಲಿ, ಬಾಳಿನುದ್ದಕ್ಕೂ ನಡೆಯಬೇಕಾದುದು.

ಮೇಸನ್ನರು 1986ರಲ್ಲಿ ಒಂದು ರಾಷ್ಟ್ರೀಯ ದಾಖಲೆಯನ್ನು ಆರಂಭಿಸಿ, ಬೇರೆಬೇರೆ ಆಸ್ಪತ್ರೆಗಳ ರೋಗಿಗಳ ಗತಿಯನ್ನು ಅದರಲ್ಲಿ ಬರೆದಿಡುವ ಏರ್ಪಾಡನ್ನು ಮಾಡಿದರು. ತಮ್ಮ ಪಟ್ಟಿಜಠರವು ಪ್ರಸಿದ್ಧಿಯ ಶಿಖರದಲ್ಲಿದ್ದ ಕಾಲ ಅದು. ಇಂಥ ಲೆಕ್ಕಗಳೇ ಮುಂದೆ ಆ ಪಟ್ಟಿಜಠರವನ್ನು ಬದಿಗೊತ್ತಿದವು. ಅವರು ಸಾಲದೆಂದು ಬಿಟ್ಟುಹೋದ 1966ರ ಬೈಪಾಸು, ಹಲವರ ಕೈಯಲ್ಲಿ ತಿದ್ದಲ್ಪಟ್ಟು, ಇಂದಿಗೂ ಉಳಿದಿದೆ. 2020ರ ಡಿಸೆಂಬರಿನಲ್ಲಿ, ನೂರು ವರ್ಷ ತುಂಬಿದ ಮೇಲೆ ಅವರು ತೀರಿಕೊಂಡರು. ಶಸ್ತ್ರಚಿಕಿತ್ಸೆಗೆ ಮನಸ್ಸುಮಾಡುವ ರೋಗಿಯೊಬ್ಬನು ವೈದ್ಯನನ್ನು ಕೇಳಬೇಕಾದ ಪ್ರಶ್ನೆ ಈ ಇತಿಹಾಸದಲ್ಲಿಯೇ ಇದೆ: ಎಷ್ಟು ತೂಕ ಇಳಿಯುವುದೆಂಬುದು ಹಾಗಿರಲಿ, ಇದೇ ಚಿಕಿತ್ಸೆಗೆ ಹತ್ತು ವರ್ಷಗಳ ಹಿಂದೆ ಒಳಗಾದವರು ಈಗ ಹೇಗಿರುವರು? ಅದಕ್ಕೆ ಕಡತವನ್ನು ತೆರೆದು ಉತ್ತರ ಹೇಳಬಲ್ಲ ವೈದ್ಯನ ಬಳಿಗೆ ಹೋಗುವುದೇ ಮೊದಲನೆಯ ಆಯ್ಕೆ. ಉಳಿದ ಆಯ್ಕೆಯು ಅದರ ಮೇಲೆ ನಿಲ್ಲುವುದು.